ಮಾವನ ಆರಾಮಕುರ್ಚಿ

ಕೊಯಮತ್ತೂರಿನ ಹತ್ತಿರದ ಕರುಮತ್ತಂಪಟ್ಟಿಯಲ್ಲಿ ನಮ್ಮ ಬಾಡಿಗೆಮನೆಯ ಪಕ್ಕದಲ್ಲಿದ್ದಾಕೆ ಹಳೆಯ ಮರದ ಸಾಮಾನು ಕೊಂಡು, ಬಣ್ಣ ಬಳಿದು ಮಾರುತ್ತಿದ್ದರು. ಮಗ್ಗಗಳು ನಿಂತುಹೋದ ಶೆಡ್ಡೇ ಅವರ ಕೆಲಸದ ಜಾಗ. ಬೀರುವಿಗೋ ಮೇಜಿಗೋ ಸುಣ್ಣದಂಥ ತಿಳಿಬಣ್ಣ ಹಚ್ಚಿ, ಒಣಗಿದ ಮೇಲೆ ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ, ಒಳಗಿನ ಮರ ಇಣುಕುವಂತೆ ಮಾಡುತ್ತಿದ್ದರು. ಬಳಿದದ್ದನ್ನು ಯಾಕೆ ಕೆರೆಯುತ್ತೀರಿ ಎಂದು ಯಾರು ಕೇಳಿದರೂ, ಬೆರಳಿನಿಂದ ಪುಡಿ ಒರೆಸುತ್ತಾ ಒಂದೇ ಉತ್ತರ ಕೊಡುತ್ತಿದ್ದರು: "ಹಳೇದು ಕೊಂಚ ಕಾಣ್ಬೇಕು."

ಆಕೆಯ ಮಾವ ತೀರಿಕೊಂಡ ಮೇಲೆ ಅವರ ಆರಾಮಕುರ್ಚಿ ಜಗಲಿಯಲ್ಲಿ ಖಾಲಿ ಬಿದ್ದಿತ್ತು. ಆಕೆ ಅದನ್ನು ಮುಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅತ್ತೆಯೇ ಅದನ್ನು ಶೆಡ್ಡಿಗೆ ಎಳೆದುಕೊಂಡು ಬಂದರು. ನಾನೂ ಅಲ್ಲಿದ್ದೆ.

"ಇದಕ್ಕೆ ರೋಸ್ ಕಲರ್ ಹಾಕಮ್ಮಾ," ಎಂದರು ಅತ್ತೆ.

"ಮಾವನಿಗೆ ಕಲರ್ ಅಂದ್ರೇ ಆಗ್ತಿರಲಿಲ್ವಲ್ಲ ಅತ್ತೆ?"

"ಅವರು ಕೂರೋಕಲ್ಲ, ನಾನು ಕೂರೋಕೆ. ಇಷ್ಟು ವರ್ಷ ಒಂದು ದಿನಾನೂ ಅದರಲ್ಲಿ ಕೂತಿಲ್ಲ."

ಬಣ್ಣ ಒಣಗಿದ ದಿನ ಸೊಸೆ ಎಂದಿನಂತೆ ಉಪ್ಪುಕಾಗದ ಹಿಡಿದು, ಮಾವನ ಕೈ ಸವೆಸಿದ್ದ ಕುರ್ಚಿಯ ತೋಳಿನತ್ತ ಬಾಗಿದರು.

"ಪೋದುಂ, ಸಾಕು," ಎಂದು ಅತ್ತೆ ತಡೆದರು. "ಇದರಲ್ಲಿ ಹಳೇದು ಕಾಣ್ಬೇಡ."

ಸೊಸೆ ಅವರ ಮುಖವನ್ನೊಮ್ಮೆ ನೋಡಿದರು. ಉಪ್ಪುಕಾಗದ ಕೆಳಗಿಟ್ಟು, ಕುರ್ಚಿಯನ್ನು ತಾವೇ ಹೊತ್ತು ಜಗಲಿಗೆ ಒಯ್ದು, ಬೀದಿ ಕಾಣುವಂತೆ ಹಾಕಿದರು. ಅತ್ತೆ ಸೀರೆ ಸರಿಮಾಡಿಕೊಂಡು ಮೆಲ್ಲಗೆ ಕೂತರು. ಬೆನ್ನು ಒರಗಿಸಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಾಲು ಚಾಚಿ, "ಕಾಫಿ ಇಲ್ಲಿಗೇ ತಾಮ್ಮಾ," ಎಂದರು.