ಸುಳ್ಳು ಹೇಳದ ನಮ್ಮತ್ತೆಯ ಸಾಕ್ಷಿ

ನಮ್ಮತ್ತೆ ಬಸಲಿಂಗಮ್ಮನವರು ಗದಗಿನಲ್ಲಿ ಖಾನಾವಳಿ ನಡೆಸಿದವರು. ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುವುದು ಅವರಿಗೆ ಗೊತ್ತಿಲ್ಲ. ಅಮೆರಿಕದ ಪಾರ್ಸಿಪನಿಯ ನಮ್ಮ ಅಪಾರ್ಟ್‌ಮೆಂಟಿಗೂ ಅದೇ ಅಭ್ಯಾಸ ತಂದರು. ಪಾರ್ಸೆಲ್ ತಂದವನಿಗೆ ಚಹಾ, ನಲ್ಲಿ ರಿಪೇರಿಗೆ ಬಂದವನಿಗೂ ಚಹಾ. ಗುರುತಿಲ್ಲದವರಿಗೆ ಬಾಗಿಲು ತೆರೆಯಬೇಡಿ ಎಂದು ಮೈಸೂರಿನವಳಾದ ನಾನು ಬಾಯಿ ನೋಯುವಷ್ಟು ಹೇಳಿದೆ. ಕೇಳಿದರೆ ತಾನೆ!

ಕಳೆದ ವರ್ಷ ಯಾವುದೋ ಕಳ್ಳತನದ ತನಿಖೆಗೆಂದು ಇಬ್ಬರು ಪೊಲೀಸರು ಬಂದಾಗ ಅತ್ತೆ ಒಬ್ಬರೇ ಇದ್ದರು. ಒಳಗೆ ಕರೆದು ಚಹಾ ಕೊಟ್ಟರು. ಮನೆಯೆಲ್ಲ ನೋಡಬಹುದೇ ಎಂದು ಅವರು ಕೈಸನ್ನೆ ಮಾಡಿ ಕೇಳಿದ್ದಕ್ಕೆ "ಓಕೆ" ಎಂದರು. ವಾರಂಟ್ ಇರಲಿಲ್ಲ. ನನ್ನ ಮಗ ಕುನಾಲನ ಕಪಾಟಿನ ಚೀಲದಲ್ಲಿ ಕದ್ದ ಫೋನುಗಳು ಸಿಕ್ಕವು. ಗೆಳೆಯ ಇಟ್ಟುಕೋ ಅಂದ, ಒಳಗೇನಿದೆಯೋ ಗೊತ್ತಿಲ್ಲ ಎಂದ ಇವನು. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ನಂಬಿದೆ. ಅವನ ಮೇಲೆ ಕೇಸು ಬಿತ್ತು. ಶಿಕ್ಷೆಯಾದರೆ ಜೈಲು, ಅವನ ನರ್ಸಿಂಗ್ ಓದೂ ಅಲ್ಲಿಗೇ ಮುಗಿಯಿತು.

ಅತ್ತೆ ಕೊಟ್ಟ ಒಪ್ಪಿಗೆ ಕಾನೂನಿನಲ್ಲಿ ನಿಲ್ಲದಿದ್ದರೆ ಫೋನುಗಳನ್ನು ಸಾಕ್ಷ್ಯವಾಗಿ ತರುವಂತಿಲ್ಲ, ಅವಿಲ್ಲದೆ ಕೇಸೇ ಇಲ್ಲ ಎಂದಳು ನಮ್ಮ ವಕೀಲೆ ತಾರಿಣಿ.

ನನ್ನ ಗಂಡ ವೀರೇಂದ್ರ ತಾಯಿಯ ಮುಂದೆ ಕೂತು ಗೋಗರೆದರು. "ಅವ್ವಾ, ನಾ ಕರದಿಲ್ಲ, ಅವರೇ ನುಗ್ಗಿದ್ರು ಅಂತ ಹೇಳಿಬಿಡು."

"ಕರದೀನಲ್ಲೋ! ಸುಳ್ಳು ಹೇಳಿದ್ರ ನಾಲಿಗಿ ಸೇದಿ ಹೋದೀತು," ಎಂದರು ಅತ್ತೆ. ನನಗೆ ಮೈಯೆಲ್ಲ ಉರಿದುಹೋಯಿತು.

ಕೋರ್ಟಿನಲ್ಲಿ ಸರ್ಕಾರಿ ವಕೀಲ ದುಭಾಷಿಯ ಮೂಲಕ ಕೇಳಿದ. ಒಳಗೆ ಕರೆದಿರಾ? "ಕರದೆ." ಚಹಾ ಕೊಟ್ಟಿರಾ? "ಶುಂಠಿ ಹಾಕಿ ಕೊಟ್ಟೆ." ಓಕೆ ಅಂದಿರಾ? "ಅಂದೆ." ಅಯ್ಯೋ ಶಿವನೇ, ಕೆಟ್ಟೆವು ಎಂದುಕೊಂಡೆ.

"ಹಾಗಾದರೆ, ಬೇಡ ಅನ್ನಬಹುದು ಅಂತ ನಿಮಗೆ ಗೊತ್ತಿತ್ತು, ಅಲ್ಲವೇ?"

ಅತ್ತೆ ಬೆರಗಾಗಿ ಅವನನ್ನೇ ನೋಡಿದರು. "ಪೊಲೀಸರಿಗೆ ಬ್ಯಾಡ ಅನ್ನಾಕ ಬರ್ತೈತೇನ್ರೀ? ಈಗ ನೀವು ಹೇಳಿದ ಮ್ಯಾಲೆ ಗೊತ್ತಾತು. ಇದನ್ನ ಅವತ್ತ ಅವರು ಹೇಳಬೇಕಿತ್ತಲ್ಲ!"

ನಿರಾಕರಿಸುವ ಹಕ್ಕಿದೆ ಎಂದು ತಿಳಿಯದೆ ಒಪ್ಪಿದರೆ ಈ ರಾಜ್ಯದ ಕಾನೂನಿನಲ್ಲಿ ಅದು ಒಪ್ಪಿಗೆಯಲ್ಲ ಎಂದರು ನ್ಯಾಯಾಧೀಶೆ. ತನಗೆ ತೊಡಕಾಗುವ ಮಾತನ್ನೂ ಮುಚ್ಚಿಡದ ಈ ಸಾಕ್ಷಿಯನ್ನು ಪೂರ್ತಿ ನಂಬುತ್ತೇನೆ ಎಂದೂ ಹೇಳಿದರು. ಫೋನುಗಳು ಕೇಸಿನಿಂದ ಹೊರಬಿದ್ದವು. ಇವರು ನಮ್ಮತ್ತೆ ಎಂದು ಇಡೀ ಕೋರ್ಟಿಗೆ ಕೇಳುವಂತೆ ಕೂಗಬೇಕೆನಿಸಿತು. ವೀರೇಂದ್ರ ಅಲ್ಲೇ ಬಗ್ಗಿ ತಾಯಿಯ ಕಾಲು ಮುಟ್ಟಿದರು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಕುನಾಲ್ ಅಜ್ಜಿಯನ್ನು ಅಪ್ಪಿಕೊಂಡ. ಅತ್ತೆ ಅವನ ಎರಡೂ ಕೈ ಹಿಡಿದುಕೊಂಡರು.

"ಕೋರ್ಟು ಆ ಚೀಲ ನೋಡಂಗಿಲ್ಲಂತ. ನಾ ನೋಡೀನಿ. ಕದ್ದ ಮಾಲು ಅಂತ ನಿನಗ ಗೊತ್ತಿತ್ತೇನು?"

"ಕುನಾಲ್, ಯೂ ಡೋಂಟ್ ಹ್ಯಾವ್ ಟು ಆನ್ಸರ್," ಎಂದಳು ತಾರಿಣಿ ಗಾಬರಿಯಿಂದ.

ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗ ಅಜ್ಜಿಯ ಮುಖವನ್ನೇ ನೋಡುತ್ತಾ ಹೇಳಿದ: "ಗೊತ್ತಿತ್ತು, ಅಜ್ಜಿ."