ರೈಟರ ಕಂಪ್ಯೂಟರಿಗೆ ಬೀಗ ಹಾಕುತ್ತಿದ್ದವರು ಯಾರು

ಮಾರ್ಚ್ ೨೪, ಬೆಳಗ್ಗೆ ೧೦.೨೦. ಯಸಳೂರು ಕಡೆಯ ಒಂದು ಎಸ್ಟೇಟಿನ ಆಫೀಸು. ದೂರು: ಎರಡು ನಿಮಿಷ ಮುಟ್ಟದಿದ್ದರೆ ಕಂಪ್ಯೂಟರ್ ತಾನಾಗಿಯೇ ಲಾಕ್ ಆಗುತ್ತದೆ.

ಹೀಗೆ ಬರೆದುಕೊಂಡಾಗ ಇದು ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ. ನಾನು ಸಕಲೇಶಪುರದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಹೋದ ಕಡೆಯೆಲ್ಲ ಹೊತ್ತು, ದೂರು, ಮಾಡಿದ ಕೆಲಸ ಬರೆದಿಟ್ಟು, ಸರಿಹೋದದ್ದಕ್ಕೆ ಒಂದು ಗೀಟು, ಆಗದ್ದಕ್ಕೆ ಒಂದು ಸೊನ್ನೆ ಹಾಕುತ್ತೇನೆ. ಈ ದೂರಿನ ಮುಂದೆ ಮಾತ್ರ ಇವತ್ತಿಗೂ ಎರಡೂ ಇಲ್ಲ.

ಆಫೀಸಿನಲ್ಲಿ ಎರಡು ಕೋಣೆ. ಒಳಗಿನದು ಮ್ಯಾನೇಜರದು, ಅಲ್ಲಿ ಮುಖ್ಯ ಕಂಪ್ಯೂಟರ್. ಹೊರಗಿನದು ರೈಟರದು. ರೈಟರು ಎಂದರೆ ಎಸ್ಟೇಟಿನ ಹಾಜರಿ, ತೂಕ ಎಲ್ಲ ಬರೆಯುವವರು. ಅವರ ಕಂಪ್ಯೂಟರಿನಿಂದ ಮುಖ್ಯ ಕಂಪ್ಯೂಟರಿಗೆ ಗೋಡೆಯಗುಂಟ ಒಂದು ನೀಲಿ ವೈರು ಹೋಗಿತ್ತು.

ಆಗ ಕಾಳುಮೆಣಸಿನ ಕುಯ್ಲು. ಸಾಯಂಕಾಲ ರೈಟರು ಜಗಲಿಯಲ್ಲಿ ಚೀಲಗಳನ್ನು ತಕ್ಕಡಿಯ ಕೊಕ್ಕೆಗೆ ಹಾಕಿ ತೂಗಿ, ಒಳಗೆ ಬಂದು ತೂಕ ಟೈಪ್ ಮಾಡಬೇಕು. ಬರುವಷ್ಟರಲ್ಲಿ ಲಾಕ್ ಆಗಿರುತ್ತಿತ್ತು. ಹಸಿಮೆಣಸಿನ ಕರೆ ಮೆತ್ತಿದ ಬೆರಳಿನಲ್ಲಿ ಪಾಸ್‌ವರ್ಡ್ ಒತ್ತಿದರೆ ಏನೋ ಒಂದು ಅಕ್ಷರ ತಪ್ಪು. ಮೂರು ಸಲ ತಪ್ಪಿದರೆ ಅರ್ಧ ಗಂಟೆ ಒಳಗೆ ಬಿಡುವುದಿಲ್ಲ. ಕುಯ್ಲಿನ ಹೆಂಗಸರು ಅಷ್ಟು ಹೊತ್ತೂ ಕಾಯಬೇಕು.

“ಇವ್ರೇ ಏನೋ ಒತ್ತಿ ಕೆಡಿಸ್ತಾರೆ ಕಣಮ್ಮ,” ಎಂದರು ಮ್ಯಾನೇಜರು. “ಹೋದ ವಾರ ನಿಮ್ಮ ಅಂಗಡಿಯವ್ರೇ ಬಂದು ಸರಿ ಮಾಡಿದ್ರು. ಅವ್ರು ಬಸ್ ಹತ್ತೋದ್ರೊಳಗೆ ಮೊದಲಿನ ಹಂಗೇ ಆಗೋಗಿತ್ತು. ಇನ್ನು ಆಗಲ್ಲ. ಒಂದನೇ ತಾರೀಕಿಂದ ರೈಟ್ರು ಕಣದಲ್ಲಿ ಮೆಣಸು ಒಣಗ್ಸೋದು ನೋಡ್ಕಳ್ಳಿ. ಈ ಕುರ್ಚಿಗೆ ಬೇರೆಯವ್ರನ್ನ ಹುಡುಕ್ತಿದೀವಿ.”

ರೈಟರು ಅಲ್ಲೇ ನಿಂತಿದ್ದರು. ಮ್ಯಾನೇಜರು ಒಳಗೆ ಹೋದ ಮೇಲೆ ಕುರ್ಚಿಯನ್ನು ನನ್ನ ಕಡೆ ಎಳೆದುಕೊಟ್ಟರು. “ಕೂತ್ಕಳವ್ವ. ಇನ್ನೂ ಒಂದು ವಾರ ನಂದೇ ಐತೆ.”

ಸೆಟ್ಟಿಂಗ್ ತೆರೆದೆ. ಸಮಯ ಬದಲಿಸುವ ಜಾಗ ಬಣ್ಣಗೆಟ್ಟು ಕೂತಿತ್ತು, ಒತ್ತಿದರೆ ಅಲ್ಲಾಡಲಿಲ್ಲ. ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು. ಇದನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ ಎಂದು ಓದಿ ಹೇಳಿದೆ.

“ಸಂಸ್ಥೆ ಅಂದ್ರೆ ಯಾರು?” ಎಂದರು ರೈಟರು. “ಇಲ್ಲಿರೋದು ನಾನು, ಅವ್ರು, ಒಂದು ಬೆಕ್ಕು.”

ಆ ಕಂಪ್ಯೂಟರಿನ ಅಡ್ಮಿನ್ ಪಾಸ್‌ವರ್ಡ್ ಹಾಕಿ ಒಳಗಿನ ಪಾಲಿಸಿಯನ್ನೇ, ಅಂದರೆ ನಿಯಮವನ್ನೇ, ತಿದ್ದಿ ಮೂವತ್ತು ನಿಮಿಷಕ್ಕೆ ಇಟ್ಟೆ. ಸರಿಯಾಯಿತು. ಆದರೂ ಮ್ಯಾನೇಜರ ಮಾತು ತಲೆಯಲ್ಲಿತ್ತು. ಊಟಕ್ಕೆ ಜಗಲಿಗೆ ಬರುವಾಗ ಕೀಬೋರ್ಡನ್ನು ಕಿತ್ತು ಜೊತೆಗೇ ತಂದು ಪಕ್ಕದಲ್ಲಿಟ್ಟುಕೊಂಡೆ. ರೈಟರು ನೋಡಿದರು, ನಕ್ಕರು, ನನ್ನ ಎಲೆಗೆ ಇನ್ನೊಂದು ಅಕ್ಕಿರೊಟ್ಟಿ ಹಾಕಿದರು. ಉಂಡು ಒಳಗೆ ಹೋದರೆ ಮತ್ತೆ ಎರಡೇ ನಿಮಿಷ.

“ಮೌಸು ಅಲ್ಲೇ ಇತ್ತಲ್ಲ,” ಎಂದರು ಮ್ಯಾನೇಜರು.

ರೈಟರು ನನ್ನ ಪಕ್ಕದಲ್ಲೇ ಕೂತು ಉಂಡಿದ್ದರು. ಯಾರು ಬದಲಿಸಿದರೆಂದು ತಿಳಿಯಲು ಮತ್ತೆ ಬರುತ್ತೇನೆಂದು ಹೇಳಿ ಬಸ್ ಹತ್ತಿದೆ.

ಮಾರ್ಚ್ ೨೭ಕ್ಕೆ ಮತ್ತೆ ಹೋದೆ. ಮತ್ತೆ ಮೂವತ್ತು ನಿಮಿಷಕ್ಕೆ ಇಟ್ಟು ಎದ್ದೇಳುತ್ತಿದ್ದಂತೆ ಬಿಸಿಲೆ ಘಾಟಿಯ ಕಡೆಯಿಂದ ಗುಡುಗಿತು. ಕಾಫಿ ಹೂ ಅರಳಿಸುವ ಹೂಮಳೆಯ ಕಾಲ. ನಮ್ಮ ಕಡೆ ಗುಡುಗು ಕೇಳಿದರೆ ಮೊದಲು ಕೈ ಹೋಗುವುದು ಪ್ಲಗ್ಗಿಗೆ. ರೈಟರು ಕರೆಂಟಿನ ಪ್ಲಗ್ ಕಿತ್ತು, ನೀಲಿ ವೈರನ್ನೂ ಕಿತ್ತು, ಸುತ್ತಿ ಮೊಳೆಗೆ ತಗುಲಿಸಿದರು. ಒಂದು ಸಲ ಸಿಡಿಲಿಗೆ ಫೋನು ಸುಟ್ಟುಹೋದಾಗಿನಿಂದ ಅವರ ರೂಢಿ ಅದು.

ಮಳೆ ನಿಂತಿತು. ರೈಟರು ಕರೆಂಟಿನ ಪ್ಲಗ್ ಮಾತ್ರ ಸಿಕ್ಕಿಸಿ ತೂಕಕ್ಕೆ ಓಡಿದರು. ವೈರು ಮೊಳೆಯಲ್ಲೇ ಉಳಿಯಿತು, ನಾನೂ ಗಮನಿಸಲಿಲ್ಲ. ಅವತ್ತು ತೂಕ ಮುಗಿಯುವವರೆಗೆ ಕಂಪ್ಯೂಟರ್ ಒಂದೇ ಒಂದು ಸಲವೂ ಲಾಕ್ ಆಗಲಿಲ್ಲ.

“ಏನ್ ರೈಟ್ರೇ, ಇವತ್ತು ನಿಮ್ ಪೆಟ್ಟಿಗೆ ನಿಮ್ನ ಒಳೀಕೆ ಬುಟ್ಕಂಡೈತೆ,” ಎಂದಳು ಚೀಲ ಹೊತ್ತಿದ್ದ ಒಬ್ಬಳು.

“ಗುಡುಗಿಗೆ ಹೆದ್ರಿರಬೇಕು ಮಾರಾಯ್ತಿ. ಚೀಲ ಇಳ್ಸು.”

ತೂಕ ಮುಗಿದ ಮೇಲೆ ಮ್ಯಾನೇಜರು ಹೊರಗೆ ಬಂದರು. ತಮ್ಮ ಕಂಪ್ಯೂಟರಿಗೆ ತೂಕವೇ ಬಂದಿಲ್ಲವೆಂದು ಗೊಣಗುತ್ತ ಮೊಳೆಯಿಂದ ವೈರು ತೆಗೆದು ತಾವೇ ಸಿಕ್ಕಿಸಿದರು. ರೈಟರು ಕೊಳಾಯಿ ಹತ್ತಿರ ಕೈ ತಿಕ್ಕುತ್ತಿದ್ದರು. ನಾನು ಬಸ್ಸಿಗೆಂದು ಚೀಲ ತುಂಬಿಕೊಳ್ಳುತ್ತಿದ್ದೆ. ಕಾಲು ಗಂಟೆಯೂ ಆಗಿರಲಿಲ್ಲ, ಪರದೆ ಕಪ್ಪಾಗಿ ಪಾಸ್‌ವರ್ಡ್ ಕೇಳಿತು. ಸೆಟ್ಟಿಂಗ್ ತೆರೆದು ನೋಡಿದೆ. ಎರಡು ನಿಮಿಷ.

ಈ ನಡುವೆ ಬದಲಾದದ್ದು ಆ ವೈರೊಂದೇ. ಮ್ಯಾನೇಜರನ್ನು ಕರೆದೆ. ವೈರು ಕಿತ್ತು, ತಿದ್ದಿ, ಕಾದು ತೋರಿಸಿದೆ, ಹಾಗೇ ಉಳಿಯಿತು. ಸಿಕ್ಕಿಸಿದೆ, ಸ್ವಲ್ಪ ಹೊತ್ತಿಗೆ ಹೋಯಿತು. “ಸರ್, ಇದನ್ನ ಬದಲಾಯಿಸ್ತಿರೋದು ರೈಟ್ರಲ್ಲ. ನಿಮ್ಮ ಕೋಣೆಯ ಕಂಪ್ಯೂಟರ್. ವೈರಲ್ಲಿ ತನ್ನ ನಿಯಮ ಕಳಿಸ್ತಿದೆ.”

ಅವರು ವೈರನ್ನು ಗೋಡೆಯುದ್ದಕ್ಕೂ ತಮ್ಮ ಬಾಗಿಲವರೆಗೆ ನೋಡಿದರು. “ನಾನೇನೂ ಕಳಿಸಿಲ್ವಲ್ಲ.”

ಕಳಿಸಿರಲಿಲ್ಲ ನಿಜ. ಮುಖ್ಯ ಕಂಪ್ಯೂಟರನ್ನು ಕೂರಿಸಿದವನು ಅಲ್ಲಿ ಏನೇನು ನಿಯಮ ಬರೆದನೋ ಯಾರಿಗೂ ತಿಳಿಯದು. ಅದರ ಅಡ್ಮಿನ್ ಪಾಸ್‌ವರ್ಡ್ ಅವನ ಹತ್ತಿರವೇ ಇದೆ. ಅವನಿಗೆ ಫೋನು ಹೋಗುತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಹಾಕಿದರೆ ಲೆಕ್ಕವೂ ಹೋದೀತೆಂದು ಮ್ಯಾನೇಜರಿಗೆ ಭಯ.

ಕೊನೆಗೆ ಉಳಿದದ್ದು ಮೊಳೆ. ತೂಕಕ್ಕೆ ಮೊದಲು ನಾನು ಹೇಳಿಕೊಟ್ಟಂತೆ ರೈಟರೇ ಸಮಯ ತಿದ್ದುವುದು, ತೂಕ ಮುಗಿಯುವವರೆಗೆ ವೈರು ಮೊಳೆಯಲ್ಲಿರುವುದು, ಆಮೇಲೆ ಸಿಕ್ಕಿಸುವುದು.

“ಇದೇನು ಅಂತ ಗೊತ್ತಾಗೋವರ್ಗೂ ನೀವೇ ಕೂತ್ಕಳಿ ರೈಟ್ರೇ,” ಎಂದರು ಮ್ಯಾನೇಜರು, ಅವರ ಮುಖ ನೋಡದೆ.

ಬಸ್ಸಿನವರೆಗೆ ಬಂದ ರೈಟರು ಹೇಳಿದರು: “ಗೊತ್ತಾಗ್ದೇ ಇದ್ರೂ ನಡೀತೈತೆ ಕಣವ್ವ. ನಿಧಾನಕ್ಕೆ ನೋಡು.”

ಅವರಿಗೆ ನಡೆಯುತ್ತದೆ, ನನಗೆ ನಡೆಯುತ್ತಿಲ್ಲ. ಮುಖ್ಯ ಕಂಪ್ಯೂಟರಿನಲ್ಲಿ ನಿಯಮ ಬದಲಾಗದಿದ್ದರೆ ಅದನ್ನು ಸಾಮಾನ್ಯವಾಗಿ ಉಳಿದ ಕಂಪ್ಯೂಟರುಗಳ ಮೇಲೆ ಮತ್ತೆ ಮತ್ತೆ ಹೇರುವುದಿಲ್ಲ ಎಂದು ಆಮೇಲೆ ಓದಿದೆ. ಅಲ್ಲಿ ಏನನ್ನೂ ಯಾರೂ ಬದಲಿಸಿಲ್ಲ. ಹಾಗಿದ್ದರೆ ವೈರು ಸಿಕ್ಕಿಸಿದಾಗಲೆಲ್ಲ ಯಾಕೆ ಬರುತ್ತದೆ? ಪಾಸ್‌ವರ್ಡ್ ಇಲ್ಲದೆ, ಲೆಕ್ಕ ಕಳೆಯದೆ, ಆ ನಿಯಮವನ್ನು ತೆಗೆಯುವ ದಾರಿ ಇದೆಯೇ? ಬಲ್ಲವರು ಯಾರಾದರೂ ಈ ಪತ್ರಿಕೆಗೆ ಬರೆದು ತಿಳಿಸಿದರೆ ಉಪಕಾರ. ಉತ್ತರ ಬಂದರೆ ಮೊದಲು ರೈಟರಿಗೆ ಹೇಳುತ್ತೇನೆ. ಮ್ಯಾನೇಜರಿಗೆ ಯಾವಾಗ ಹೇಳಬೇಕೆಂಬುದನ್ನು ರೈಟರೇ ತೀರ್ಮಾನಿಸಲಿ.