ಹರಾಜಿಗೆ ಮುಂಚೆ ಮಾರಿದ ಮನೆ

ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟು ನಿಂತರೆ ರಿಪೇರಿಗೆ ಹೋಗುವುದು ಅವನ ಕೆಲಸ. ಒಮ್ಮೆ ಹಾಗೆ ಹೋದಾಗ ಕಾಲು ಜಾರಿ ಬಿದ್ದು ಬಲಭುಜ ಮುರಿದುಕೊಂಡ. ಕಂಪನಿ ಸಂಬಳವಿಲ್ಲದ ರಜೆ ಕೊಟ್ಟು ಕೈತೊಳೆದುಕೊಂಡಿತು. ಮನೆಸಾಲದ ಕಂತು ಮಾತ್ರ ರಜೆ ಹಾಕಲಿಲ್ಲ.

ಕಂತುಗಳು ಒಂದರ ಹಿಂದೊಂದು ತಪ್ಪಿದವು. ಬ್ಯಾಂಕಿನವರು ಗೇಟಿಗೆ ಹರಾಜಿನ ನೋಟಿಸು ಅಂಟಿಸಿ ಹೋದ ದಿನದಿಂದ ಲಿಫ್ಟಣ್ಣ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ತೊಟ್ಟಿಕ್ಕುವ ನಲ್ಲಿ ಬಿಚ್ಚಿದ, ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟ, ಎಡಗೈಯಲ್ಲೇ ನಡುಮನೆಯ ಗೋಡೆಗೆ ಬಣ್ಣ ಬಳಿಯತೊಡಗಿದ.

"ಹೋಗೋ ಮನೆಗೆ ಯಾಕ್ರೀ ಈ ಸಿಂಗಾರ?" ಎಂದಳು ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಾಕಿ ಬಂದಿದ್ದ ಹೆಂಡತಿ.

"ಹೋದ್ರೆ ಹೋಗ್ಲಿ ಬಿಡು. ಕೀ ಅವ್ರ ಕೈಗೆ ಕೊಟ್ಟು ನಡೆಯೋಣ. ಮನೆನೂ ಹೋಯ್ತು, ಸಾಲಾನೂ ಹೋಯ್ತು, ಚುಕ್ತಾ."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅವನ ಅಕ್ಕನ ಕಿವಿಗೆ ಈ ಮಾತು ಬಿತ್ತು. ನರ್ಸ್ ಆಗಿದ್ದ ಆಕೆ ಡ್ಯೂಟಿ ಮುಗಿಸಿ ನೇರ ಬಂದಿದ್ದಳು. ತಮ್ಮನ ಸಾಲಕ್ಕೆ ಜಾಮೀನು ಹಾಕಿದ್ದವಳು ಅವಳೇ. ಅವಳಿಗೂ ನೋಟಿಸು ಹೋಗಿತ್ತು.

"ಚುಕ್ತಾ ಅಂತ ಯಾರೋ ಹೇಳಿದ್ದು ನಿನಗೆ? ಹರಾಜಲ್ಲಿ ಮನೆ ಸಿಕ್ಕಿದ ರೇಟಿಗೆ ಹೋಗುತ್ತೆ. ಬಡ್ಡಿ, ದಂಡ, ವಕೀಲರ ಫೀಸು ಎಲ್ಲ ಅದರಲ್ಲೇ ಮುರ್ಕೋತಾರೆ. ಸಾಕಾಗ್ಲಿಲ್ಲ ಅಂದ್ರೆ ಬಾಕಿ ನಿನ್ನ ತಲೆಗೆ. ನೀನು ಕೈ ಎತ್ತಿದ್ರೆ ನನ್ನ ತಲೆಗೆ. ನಾನು ರಿಟೈರ್ ಆಗೋದು ಬೇಡ್ವೇನೋ?"

ಲಿಫ್ಟಣ್ಣನ ಕೈಯಲ್ಲಿದ್ದ ಬ್ರಷ್ಷಿನಿಂದ ಬಣ್ಣ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಮುಂಗಡಕ್ಕೆಂದು ಮಾರಿದ ಹೆಂಡತಿಯ ಬಳೆ, ಇಷ್ಟು ವರ್ಷ ಕಟ್ಟಿದ ಕಂತು, ಬೆವರು ಸುರಿಸಿ ಎಬ್ಬಿಸಿದ ಮೇಲಿನ ಕೋಣೆ, ಎಲ್ಲವೂ ನೀರುಪಾಲು. ಅದರ ಮೇಲೆ ಅಕ್ಕನ ಗಂಟೂ ಹೋಗುವುದೆಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮರುದಿನ ಗಂಡಹೆಂಡತಿ ಬ್ಯಾಂಕಿಗೆ ಹೋದರು. ವಸೂಲಿ ವಿಭಾಗದ ಮೇಡಂ ಫೈಲು ತಿರುವಿ ನೋಡಿದರು.

"ಇಷ್ಟು ದಿನ ಯಾಕೆ ಬರಲಿಲ್ಲ?"

"ಮುಖ ತೋರಿಸೋಕೆ ನಾಚಿಕೆ ಆಗ್ತಿತ್ತು ಮೇಡಂ" ಎಂದ ಲಿಫ್ಟಣ್ಣ.

"ನಾಚಿಕೆಗೂ ಬಡ್ಡಿ ಬಿತ್ತಲ್ಲ ಸ್ವಾಮಿ! ಹರಾಜಿಗೆ ಮುಂಚೆ ನೀವೇ ಗಿರಾಕಿ ತಂದು ಸಾಲ ತೀರಿಸಿದ್ರೆ ನಾವು ನಿಲ್ಲಿಸ್ತೀವಿ. ಆದ್ರೆ ಬೇಗ."

ಆಮೇಲೆ ಮನೆ ತುಂಬ ಅಪರಿಚಿತರ ಓಡಾಟ. ಯಾರೋ ಗೋಡೆ ಕುಟ್ಟಿ ನೋಡಿದರು, ಯಾರೋ ಬಚ್ಚಲಿನ ನೀರು ಬಿಟ್ಟು ನೋಡಿದರು. ಅವರ ಹಿಂದೆಯೇ ಅಡುಗೆಮನೆಗೂ ಮಹಡಿಗೂ ಸುತ್ತಿ ಸುತ್ತಿ ಲಿಫ್ಟಣ್ಣ ತಾನು ಮಾಡಿದ ರಿಪೇರಿಗಳನ್ನು ತೋರಿಸುತ್ತಿದ್ದ. ಗುತ್ತಿಗೆದಾರನೊಬ್ಬ ಗೇಟಿನ ನೋಟಿಸು ಓದಿಕೊಂಡೇ ಒಳಗೆ ಬಂದ. ಅರ್ಧಕ್ಕರ್ಧ ಬೆಲೆ ಹೇಳಿ, "ಹರಾಜಿಗೆ ಬಿದ್ದ ಮನೆಗೆ ಇದೇ ಹೆಚ್ಚು" ಎಂದ. ಲಿಫ್ಟಣ್ಣ ಹೂಂ ಎನ್ನುವಷ್ಟರಲ್ಲಿ ಹೆಂಡತಿ ಮುಂದೆ ಬಂದಳು.

"ಹಂಗಾದ್ರೆ ಹರಾಜಿಗೇ ಬನ್ನಿ. ಅಲ್ಲಿ ನಿಮ್ಮಂಥೋರು ಹತ್ತು ಜನ ಇರ್ತಾರೆ, ಕೂಗಿ ತಗೊಳ್ಳಿ."

ಅವನು ಗೊಣಗುತ್ತ ಹೋದ. "ಇದ್ದವನನ್ನೂ ಓಡಿಸಿದೆಯಲ್ಲೇ!" ಎಂದು ಲಿಫ್ಟಣ್ಣ ತಲೆ ಚಚ್ಚಿಕೊಂಡ. ಅವಳು ಒಳಗೆ ಹೋಗಿ ಪಾತ್ರೆ ಕುಕ್ಕಿದಳು.

ಹರಾಜು ಹತ್ತಿರ ಬಂದಾಗ ಬೇಕರಿ ನಡೆಸುತ್ತಿದ್ದ ದಂಪತಿಯೊಂದು ಬಂದು ಮನೆ ಒಪ್ಪಿಕೊಂಡಿತು. ಪೇಟೆ ಬೆಲೆಗಿಂತ ಕಡಿಮೆಯೇ. ಆದರೆ ಸಾಲ ತೀರಿತು, ಅಕ್ಕನ ಜಾಮೀನು ಬಿಟ್ಟಿತು, ಬಾಡಿಗೆ ಮನೆಯ ಅಡ್ವಾನ್ಸಿಗಾಗುವಷ್ಟು ಕೈಯಲ್ಲಿ ಉಳಿಯಿತು. ಮುಂದೆ ಸ್ಕೂಟರಿಗೆ ಸಾಲ ಕೇಳಲು ಹೋದಾಗ, ಹಳೆಯ ಕಂತು ತಪ್ಪಿದ್ದನ್ನು ಕಂಪ್ಯೂಟರಿನಲ್ಲಿ ನೋಡಿ ಅಲ್ಲಿಯವರು ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದರು. ಭುಜ ಕೂಡಿದ ಮೇಲೆ ಲಿಫ್ಟಣ್ಣ ಬಸ್ಸಿನಲ್ಲೇ ಕೆಲಸಕ್ಕೆ ಹೋಗತೊಡಗಿದ.

ಬಾಡಿಗೆ ಮನೆಗೆ ಹೋದ ಹೊಸತರಲ್ಲಿ ಹೆಂಡತಿ ಗೋಡೆಗೆ ಗಡಿಯಾರ ಹಾಕಬೇಕೆಂದಳು. ಲಿಫ್ಟಣ್ಣ ಸುತ್ತಿಗೆ ಎತ್ತಿದವನು ಹಾಗೆಯೇ ನಿಂತ.

"ಮೊಳೆ ಹೊಡೀಬಹುದೇನೇ ಇಲ್ಲಿ?"

"ಕೇಳ್ಕೊಂಡು ಬನ್ನಿ."

ಅವನು ಸುತ್ತಿಗೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಮನೆ ಮಾಲೀಕರನ್ನು ಕೇಳಲು ಮಹಡಿ ಹತ್ತಿದ.